ಕ್ಷಮಾದಾನದ ಅರ್ಜಿ ಬರೆಯುವವರಾರು?

ಮರಣದಂಡನೆ ಇರಬೇಕೇ ಬೇಡವೇ ಎಂಬುದು ನಮ್ಮ ಚರ್ಚಾಕೂಟಗಳಲ್ಲಿ ಸವೆದುಹೋದ ವಿಷಯ. ಒಂದು ಪಕ್ಷದವರು ಸತ್ತವರನ್ನು ನೆನೆಯುತ್ತಾರೆ, ಇನ್ನೊಂದು ಪಕ್ಷದವರು ಅಹಿಂಸೆಯನ್ನು ನೆನೆಯುತ್ತಾರೆ. ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಈ ಶಿಕ್ಷೆಯನ್ನೇ ತೆಗೆದುಹಾಕುವುದು ಮೇಲೆಂದು ಡಾ. ಅಂಬೇಡ್ಕರ್ ಅವರು ೧೯೪೯ರಲ್ಲಿಯೇ ಸಂವಿಧಾನ ಸಭೆಯಲ್ಲಿ ನುಡಿದಿದ್ದರು. ಆ ದೊಡ್ಡ ವಾದಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ. ಗಲ್ಲಿನ ಶಿಕ್ಷೆಗೆ ಗುರಿಯಾದ ಬಡವನ ಪರವಾಗಿ ಅವನಿಗೆ ನೆಂಟನೂ ಅಲ್ಲದ, ಅವನಿಂದ ಕಾಸು ಪಡೆಯುವವನೂ ಅಲ್ಲದ ಮೂರನೆಯವನೊಬ್ಬನು ಅರ್ಜಿ ಹಿಡಿದು ನಿಲ್ಲುವುದರ ಬೆಲೆಯೇನು ಎಂಬುದನ್ನಷ್ಟೇ ನಮ್ಮ ನಾಡಿನ ಒಂದು ಮೊಕದ್ದಮೆಯ ಮೂಲಕ ವಿಚಾರಿಸಬಯಸುತ್ತೇನೆ.

೧೯೯೩ನೆಯ ಇಸವಿ ಏಪ್ರಿಲ್ ೯ರಂದು ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ, ಪಾಲಾರ್ ಬಳಿ, ವೀರಪ್ಪನ್ ತಂಡದವರು ಹುಗಿದಿಟ್ಟ ನೆಲಬಾಂಬುಗಳು ಸಿಡಿದು ೨೨ ಜನ ಮಡಿದರು. ಘೋರ ಕೃತ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆನಂತರದ ಪೊಲೀಸು ಬೇಟೆಯಲ್ಲಿ ಗಡಿಹಳ್ಳಿಗಳ ಅಮಾಯಕರೂ ಸಿಕ್ಕಿಬಿದ್ದರು. ಟಾಡಾ ಕಾನೂನಿನಡಿ ಹಿಡಿಯಲ್ಪಟ್ಟ ಗಂಡಸರೂ ಹೆಂಗಸರೂ ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿ ಕೊಳೆತರು. ೨೦೦೧ರಲ್ಲಿ ವಿಶೇಷ ನ್ಯಾಯಾಲಯವು ಅವರಲ್ಲಿ ಹೆಚ್ಚಿನವರನ್ನು ನಿರ್ದೋಷಿಗಳೆಂದು ಬಿಟ್ಟಿತು. ಮಾನವ ಹಕ್ಕುಗಳ ಕಾರ್ಯಕರ್ತರು ಆ ಹಳ್ಳಿಗಳಿಗೆ ಹೋಗಿ, ಹೆದರಿ ಬಾಯಿ ಬಿಡದವರ ಬಳಿ ಕುಳಿತು, ಹೇಳಿದ್ದನ್ನು ಬರೆದುಕೊಂಡರು. ಆ ದೂರುಗಳ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ೨೦೦೭ರಲ್ಲಿ ನೊಂದ ೮೯ ಮಂದಿಗೆ ಒಟ್ಟು ೨ ಕೋಟಿ ೮೦ ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶವಾಯಿತು.

ಶಿಕ್ಷೆಯಾದವರಲ್ಲಿ ನಾಲ್ವರ ಕಥೆ ಬೇರೆ. ಮೈಸೂರಿನ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಶಿಕ್ಷೆ ತಪ್ಪಲೆಂದು ಅವರು ಮೇಲ್ಮನವಿ ಹೋದರೆ, ಸರ್ವೋಚ್ಚ ನ್ಯಾಯಾಲಯವು ೨೦೦೪ರ ಜನವರಿಯಲ್ಲಿ ತಾನಾಗಿಯೇ ಅದನ್ನು ಗಲ್ಲಿಗೆ ಏರಿಸಿತು. ಬಾಗಿಲು ತಟ್ಟಲು ಹೋದವನ ಮೇಲೆ ಬಾಗಿಲೇ ಬಿದ್ದಂತಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನಿಂದ ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿ ಹೋಯಿತು. ಅದಕ್ಕೆ ಉತ್ತರ ಬಂದದ್ದು ೨೦೧೩ರ ಫೆಬ್ರವರಿಯಲ್ಲಿ, ಒಂಬತ್ತು ವರ್ಷಗಳ ಮೇಲೆ: ತಿರಸ್ಕೃತ!

ಆ ತಿಂಗಳ ೯ರಂದೇ ದೆಹಲಿಯ ತಿಹಾರ್ ಜೈಲಿನಲ್ಲಿ ಇನ್ನೊಂದು ಮೊಕದ್ದಮೆಯ ಕೈದಿಯನ್ನು ಗುಟ್ಟಾಗಿ ಗಲ್ಲಿಗೇರಿಸಿದ್ದರು. ವಿಷಯ ತಿಳಿಸುವ ಸರ್ಕಾರದ ಪತ್ರ ಅವನ ಮನೆ ತಲುಪಿದ್ದು ಅವನು ಸತ್ತ ಮೇಲೆ. ಆದಕಾರಣ ಬೆಳಗಾವಿಯ ನಾಲ್ವರಿಗೆ ಒಂದೊಂದು ದಿನವೂ ಅಮೂಲ್ಯವಾಗಿತ್ತು. ಮಾನವ ಹಕ್ಕುಗಳ ವಕೀಲರು ದೆಹಲಿಗೆ ಓಡಿದರು. ಫೆಬ್ರವರಿ ೧೮ರಂದು ತಡೆಯಾಜ್ಞೆ ದೊರೆಯಿತು. ೨೦೧೪ರ ಜನವರಿ ೨೧ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠವು ಈ ನಾಲ್ವರೂ ಸೇರಿ ೧೫ ಮಂದಿಯ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಕಾರಣವಿಲ್ಲದ ದೀರ್ಘ ವಿಳಂಬವೇ ಒಂದು ಚಿತ್ರಹಿಂಸೆ ಎಂಬುದು ಆ ತೀರ್ಪಿನ ತಿರುಳು. ಅರ್ಜಿ ತಿರಸ್ಕಾರವಾದ ಸುದ್ದಿಗೂ ಗಲ್ಲಿಗೂ ನಡುವೆ ೧೪ ದಿನ ಇರಬೇಕು, ಕೈದಿಯ ಮನೆಯವರಿಗೆ ಕೊನೆಯ ಭೇಟಿ ಸಿಗಬೇಕು ಎಂದೂ ಅಲ್ಲಿ ವಿಧಿಸಲಾಗಿದೆ.

ಇಷ್ಟನ್ನು ಕೇಳಿದ ನನ್ನ ಸಹಪಾಠಿಯೊಬ್ಬನು, "ಸತ್ತ ೨೨ ಮಂದಿಯ ಮಕ್ಕಳಿಗೆ ಯಾರು ಅರ್ಜಿ ಬರೆದರು?" ಎಂದು ಕೇಳಿದನು. ನ್ಯಾಯವಾದ ಪ್ರಶ್ನೆಯೇ. ಅವರಿಗೂ ಬರೆಯುವವರು ಬೇಕು. ಆದರೆ ನಾಲ್ವರನ್ನು ನೇಣಿಗೆ ಹಾಕಿದ್ದರೆ ಆ ಮಕ್ಕಳ ಅರ್ಜಿ ತಾನಾಗಿ ಬರೆದಂತಾಗುತ್ತಿತ್ತೆಂದು ನನಗೆ ತೋರುವುದಿಲ್ಲ.

ನನಗೆ ಈ ವಿಷಯ ಹತ್ತಿರವಾಗಲು ಬೇರೆ ಕಾರಣವುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ರಜೆಗೆ ಊರಿಗೆ ಹೋದರೆ ವಿಧವಾ ವೇತನಕ್ಕೆ, ಪಡಿತರ ಚೀಟಿಗೆ, ಪಹಣಿಯ ತಿದ್ದುಪಡಿಗೆ ಅರ್ಜಿ ಬರೆಸಲು ನಾಲ್ಕಾರು ಜನ ಜಗಲಿಯ ಮೇಲೆ ಬಂದು ಕೂಡುತ್ತಾರೆ. ಹೇಳಿಕೊಳ್ಳುವ ದುಃಖ ಅವರಲ್ಲಿದೆ, ಅದನ್ನು ಕಚೇರಿಯ ಭಾಷೆಗೆ ತರುವ ಅಕ್ಷರವಿಲ್ಲ. ಹೆಬ್ಬೆಟ್ಟು ಅವರದು, ಬರಹ ನನ್ನದು. ಪಿಂಚಣಿಯ ಅರ್ಜಿಗೇ ಇನ್ನೊಬ್ಬರ ಕೈ ಬೇಕಾದರೆ ಪ್ರಾಣದ ಅರ್ಜಿಗೆ ಬೇಡವೇ?

೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೪೭೨ನೆಯ ಕಲಮನ್ನು ಈ ದೃಷ್ಟಿಯಿಂದ ಓದಬೇಕು. ಕ್ಷಮಾದಾನದ ಅರ್ಜಿಯನ್ನು ಕೈದಿ, ಅವನ ವಾರಸುದಾರ ಅಥವಾ ಬೇರೆ ಬಂಧು ಸಲ್ಲಿಸಬಹುದೆಂದು ಅದು ಹೇಳುತ್ತದೆ. ಮೇಲ್ಮನವಿ ವಜಾ ಆದದ್ದನ್ನು ಜೈಲಿನ ಸೂಪರಿಂಟೆಂಡೆಂಟರು ತಿಳಿಸಿದ ೩೦ ದಿನಗಳೊಳಗೆ ಸಲ್ಲಿಸಬೇಕು. ಮೂರನೆಯವನ ಹೆಸರೇ ಅಲ್ಲಿಲ್ಲ. ಕೇಂದ್ರ ಸರ್ಕಾರವು ೬೦ ದಿನಗಳಲ್ಲಿ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಬೇಕೆಂಬ ನಿಯಮ ಒಳ್ಳೆಯದೇ, ಒಂಬತ್ತು ವರ್ಷದ ನರಕ ಅದರಿಂದ ತಪ್ಪೀತು. ಆದರೆ ರಾಷ್ಟ್ರಪತಿಗಳ ನಿರ್ಧಾರ ಹೇಗಾಯಿತೆಂಬುದನ್ನು ಯಾವ ನ್ಯಾಯಾಲಯವೂ ವಿಚಾರಿಸಕೂಡದೆಂದೂ ಅದೇ ಕಲಮು ಹೇಳುತ್ತದೆ. ಬೆಳಗಾವಿಯ ನಾಲ್ವರು ಬದುಕಿದ್ದು ಅಂಥ ವಿಚಾರಣೆಯಿಂದಲ್ಲವೇ? ಸಂವಿಧಾನದ ೩೨ನೆಯ ವಿಧಿ ಕೊಟ್ಟ ಹಕ್ಕನ್ನು ಸಾಧಾರಣ ಶಾಸನವೊಂದು ಕಸಿಯಲಾರದೆಂಬುದು ನನ್ನ ಅಲ್ಪಮತಿಗೆ ತೋಚುವ ಮಾತು. ಆದರೂ ಆ ಹಕ್ಕನ್ನು ಹಿಡಿದು ದೆಹಲಿಗೆ ಓಡಲು, ಮತ್ತೆ, ಯಾರಾದರೊಬ್ಬರು ಬೇಕು.

ಓಡಲಾರದವರು ಮಾಡಬಹುದಾದ ಕೆಲಸವೂ ಉಂಟು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ವಿದ್ಯಾರ್ಥಿಗಳನ್ನೂ ಅರೆಕಾನೂನು ಸ್ವಯಂಸೇವಕರನ್ನಾಗಿ ತೆಗೆದುಕೊಂಡು ತರಬೇತಿ ಕೊಡುತ್ತವೆ. ಜೈಲುಗಳಲ್ಲಿರುವ ಕಾನೂನು ನೆರವಿನ ಕೇಂದ್ರಗಳಲ್ಲಿ ಇಂಥವರು ಕೈದಿಗಳ ಅರ್ಜಿ ಬರೆದುಕೊಡುತ್ತಾರೆ. ಬೇಕಾದದ್ದು ಕನ್ನಡದಲ್ಲಿ ನಾಲ್ಕು ಸಾಲು ತಪ್ಪಿಲ್ಲದೆ ಬರೆಯುವ ಶಕ್ತಿ, ಎದುರಿಗಿರುವವನ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ. ಪರೀಕ್ಷೆ ಮುಗಿದೊಡನೆ ನಾನು ಹೆಸರು ಕೊಡುವವನಿದ್ದೇನೆ. ನಮ್ಮ ತರಗತಿಯ ಇನ್ನಿಬ್ಬರು ಬರುತ್ತೇವೆಂದಿದ್ದಾರೆ.