ಕೇಳದೆ ಬಿಟ್ಟ ಪ್ರಶ್ನೆ



ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಹಬ್ಬದ ಊಟವಾದ ಮೇಲೆ ತಟ್ಟೆ, ಲೋಟಗಳ ರಾಶಿಯನ್ನು ಟೆಂಪೋದವರೊಬ್ಬರು ತುಂಬಿಕೊಂಡು ಹೋದರು. ಎಲ್ಲಿಗೆಂದು ನಾನು ಕೇಳಲಿಲ್ಲ. ಮರೆತೆನೆಂದರೆ ಸುಳ್ಳಾದೀತು. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ‘ಕೆರೆಯ ದಂಡೆಗೆ’ ಎಂದುಬಿಟ್ಟರೆ ಬೇರೆ ಏರ್ಪಾಡು ಮಾಡಬೇಕಿತ್ತು, ಖರ್ಚೂ ಹೆಚ್ಚು. ದುಡ್ಡು ಕೊಟ್ಟು ಒಳಗೆ ಹೋದೆ.

ಇಂಥ ಅಜ್ಞಾನವನ್ನು ಕುರಿತು ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ವಿಚಾರ ಮಾಡಿದ್ದಾರೆ. ತಿಳಿಯಲು ಸಾಧ್ಯವೇ ಇಲ್ಲದವನಿಗೆ ದೋಷವಿಲ್ಲ. ಅಲಕ್ಷ್ಯದಿಂದ ತಿಳಿಯದವನ ದೋಷ ಕೊಂಚ ತಗ್ಗೀತು, ಇಲ್ಲವಾಗದು. ಆದರೆ ಮಾಡಬೇಕೆಂದಿರುವುದಕ್ಕೆ ಅಡ್ಡಿಯಾಗದಿರಲೆಂದು ಬೇಕೆಂದೇ ತಿಳಿಯದೆ ಉಳಿದರೆ? ಅದು ದೋಷವನ್ನು ಹೆಚ್ಚಿಸುವಂತೆಯೇ ಕಾಣುತ್ತದೆ ಎನ್ನುತ್ತಾರೆ ಅವರು. ಗುರುಮಠದಲ್ಲಿ ಈ ಪಾಠವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ, ಅಷ್ಟೆ.

2005ರಲ್ಲಿ ಕ್ರಿಸ್ಟಿನ್ ಎರಿಕ್, ಜೂಲಿ ಅರ್ವಿನ್ ಎಂಬ ಸಂಶೋಧಕರು ಗ್ರಾಹಕರನ್ನು ಪರೀಕ್ಷಿಸಿ ನೋಡಿದರು. ಪೀಠೋಪಕರಣದ ಮರ ಮಳೆಕಾಡಿನದೇ ಎಂಬ ಮಾಹಿತಿಯನ್ನು ಕಣ್ಣೆದುರಿಗಿಟ್ಟರೆ ಜನ ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ತಾವಾಗಿ ಕೇಳಿ ಪಡೆಯಬೇಕೆಂದರೆ ಹಲವರು ಕೇಳುವುದಿಲ್ಲ. ಕಾಡಿನ ಬಗ್ಗೆ ಕಾಳಜಿಯಿದ್ದವರೂ ಹೀಗೆಯೇ. ತಿಳಿದರೆ ಮನಸ್ಸು ನೋಯುತ್ತದಲ್ಲ!

ನಮ್ಮ ಮನೆಗಳನ್ನೇ ನೋಡಿ. ಮನೆ ಕಟ್ಟಿಸುವಾಗ ಮರಳಿನ ಲಾರಿ ಯಾವ ಹೊಳೆಯಿಂದ ಬಂತೆಂದು ಕೇಳುವುದಿಲ್ಲ. ಶೌಚದ ಗುಂಡಿ ಖಾಲಿ ಮಾಡಿದ ಲಾರಿ ಅದನ್ನು ಎಲ್ಲಿ ಸುರಿಯುತ್ತದೆಂದೂ ಕೇಳುವುದಿಲ್ಲ. ಕಾಗದದ ಲೋಟ ತಂದು ಸಮಾಧಾನಪಡುತ್ತೇವೆ. ಸಾಮಾನ್ಯವಾಗಿ ಅದರ ಒಳಮೈಗೂ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆ. ಕಾನೂನು ಗೊತ್ತಿರಲಿಲ್ಲವೆನ್ನುವಂತೆಯೂ ಇಲ್ಲ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿತು. ಸುಡುವ ಕಸದ ಪಕ್ಕದಲ್ಲಿ ಮಕ್ಕಳನ್ನು ಮಲಗಿಸುವ ತಾಯಿಗೆ ನಮ್ಮ ‘ಗೊತ್ತಿರಲಿಲ್ಲ’ದಿಂದ ಹೊಗೆಯೇನೂ ಕಡಿಮೆಯಾಗುವುದಿಲ್ಲ.

ಈ ವರ್ಷ ಮುಂಗಡ ಕೊಡುವ ಮೊದಲೇ ಟೆಂಪೋದವರನ್ನು ಕೇಳಿದೆ.

“ಊರಾಚೆ ಹಳ್ಳಕ್ಕೆ ಹಾಕಿ ಬೆಂಕಿ ಕೊಡ್ತೀವಿ ಫಾದರ್. ಹೋದ ವರ್ಷ ನೀವು ಕೇಳಲೇ ಇಲ್ಲವಲ್ಲ?” ಎಂದರು.

ಪಾಲನಾ ಸಮಿತಿಯ ಮುಂದೆ ಇದನ್ನು ಹಾಗೆಯೇ ಹೇಳಿದೆ. ಸ್ಟೀಲ್ ತಟ್ಟೆಗಳನ್ನು ಬಾಡಿಗೆಗೆ ತರುವುದೆಂದು ತೀರ್ಮಾನವಾಯಿತು. ತೊಳೆಯುವವರು ಯಾರು ಎಂಬ ಮಾತು ಬಂದಾಗ ಮಾತ್ರ ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಪಟ್ಟಿಯಲ್ಲಿ ಸದ್ಯಕ್ಕೆ ನನ್ನದೂ ಸೇರಿ ಆರು ಹೆಸರುಗಳಿವೆ.