ಅಂಗುಳಿನ ನೋಯದ ಗಂಟು

ಠಾಣಾ ಕುಶನೂರಿನ ಅಕ್ಕ-ಅಣ್ಣಂದಿರೇ, ಹಲ್ಲುಜ್ಜಿದ ಮೇಲೆ ಒಮ್ಮೆ ನಾಲಿಗೆಯನ್ನು ಅಂಗುಳಿನ ಮೇಲೆ ಆಡಿಸಿ ನೋಡಿ. ಪಕ್ಕದಲ್ಲೆಲ್ಲೋ ಕಡಲೆಕಾಳಿನಷ್ಟು ಗಂಟು ತಗುಲಿದರೆ, ನೋವಿಲ್ಲ, ರೊಟ್ಟಿ ತಿನ್ನಲು ಅಡ್ಡಿಯಿಲ್ಲ ಎಂದು ವರ್ಷಗಟ್ಟಲೆ ಬಿಡಬೇಡಿ.

ಮೂರು ಜೋಡಿ ದೊಡ್ಡ ಜೊಲ್ಲುಗ್ರಂಥಿಗಳಲ್ಲದೆ, ತುಟಿ, ಕೆನ್ನೆ, ಅಂಗುಳಿನ ಒಳಪದರದಲ್ಲಿ ಸುಮಾರು 600ರಿಂದ 1000 ಪುಟ್ಟ ಗ್ರಂಥಿಗಳಿವೆ. ಅಪರೂಪಕ್ಕೆ ಅವುಗಳಲ್ಲೂ ಗಡ್ಡೆ ಬೆಳೆಯುತ್ತದೆ. ನಿರಪಾಯದ ಗಡ್ಡೆಗಳಲ್ಲಿ ಹೆಚ್ಚು ಕಾಣುವುದು ಪ್ಲಿಯೊಮಾರ್ಫಿಕ್ ಅಡಿನೋಮಾ. ಅದು ಕ್ಯಾನ್ಸರ್ ಅಲ್ಲ. ಆದರೆ ಬಹುಕಾಲ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುವುದುಂಟು. ಕಿವಿಯ ಮುಂದಿನ ದೊಡ್ಡ ಗ್ರಂಥಿಯ ಗಡ್ಡೆಗಳಲ್ಲಿ ಹೆಚ್ಚಿನವು ನಿರಪಾಯದವು. ಬಾಯೊಳಗಿನ ಪುಟ್ಟ ಗ್ರಂಥಿಗಳ ವಿಷಯದಲ್ಲಿ ಆ ಭರವಸೆ ಇಲ್ಲ, ಅರ್ಧದಷ್ಟು ಕ್ಯಾನ್ಸರ್ ಆಗಿರಬಹುದು. ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಕೆಳತುಟಿಯ ಮೆತ್ತನೆಯ ನೀರ್ಗುಳ್ಳೆ ಹೆಚ್ಚಾಗಿ ಹಲ್ಲು ತಾಗಿ ಆದದ್ದು. ಮೇಲ್ತುಟಿಯ ಗಟ್ಟಿ ಗಂಟನ್ನು ಮಾತ್ರ ಹಗುರವಾಗಿ ತಿಳಿಯಬೇಡಿ.

ಮನೆಯಲ್ಲಿ ಚುಚ್ಚುವುದು, ಸುಣ್ಣ ಹಚ್ಚುವುದು ಬೇಡವೇ ಬೇಡ. ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಹೋಗಿ ತೋರಿಸಿ. ಚೂರು ತೆಗೆದು ಬಯಾಪ್ಸಿ ಮಾಡಿದರೆ ಗಡ್ಡೆ ಯಾವುದೆಂದು ತಿಳಿಯುತ್ತದೆ. ನಿರಪಾಯದ್ದಾದರೆ, ಸುತ್ತಲಿನ ತುಸು ಒಳ್ಳೆಯ ಮಾಂಸದೊಡನೆ ಪೂರ್ತಿ ತೆಗೆಸಿದಾಗ ಅದು ಮರಳಿ ಬರುವುದು ತೀರಾ ಕಡಿಮೆ.