ನೆನಪಿನ ನಡಿಗೆ: ಹಣದ ದಾರಿ ಮೊದಲು, ಕಾಲಿನ ದಾರಿ ಆಮೇಲೆ

ಕ್ಯಾನ್ಸರ್‌ನಿಂದ ತೀರಿಕೊಂಡ ಅಪ್ಪನದೋ ಅಕ್ಕನದೋ ಹೆಸರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಬಂಧುಬಳಗ ಸೇರಿ ನಡೆಯುವುದು, ಆ ನೆಪದಲ್ಲಿ ಒಂದಿಷ್ಟು ಹಣ ಕೂಡಿಸಿ ರೋಗಿಗಳಿಗೆ ತಲುಪಿಸುವುದು. ಇಂಥ ನಡಿಗೆಗಳು ಈಗ ನಮ್ಮಲ್ಲೂ ಶುರುವಾಗಿವೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಯುಗಾದಿಗೆ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲೇ ಹೋಗುವ ಜನರಿಗೆ ನಡೆಯುವುದನ್ನು ಯಾರೂ ಕಲಿಸಬೇಕಿಲ್ಲ. ಎಡವುವುದು ಹಣದ ವಿಷಯದಲ್ಲಿ. ಟಿ-ಶರ್ಟಿನ ಬಣ್ಣ ತೀರ್ಮಾನವಾಗಿರುತ್ತದೆ, ಹಣ ಯಾರಿಗೆ ಎಂಬುದು ಆಗಿರುವುದಿಲ್ಲ. ಹಾಗಾಗಿ ಅಲ್ಲಿಂದಲೇ ಹೊರಡೋಣ.

ಹಣ ಯಾರಿಗೆ?

ಕೊನೆಯ ತಿಂಗಳುಗಳಲ್ಲಿ ಮನೆಯವರಿಗೆ ಹೆಚ್ಚು ಕಷ್ಟವಾದದ್ದು ಯಾವುದು ಎಂದು ಕುಳಿತು ಮಾತಾಡಿ. ನೋವಿನ ರಾತ್ರಿಗಳೇ ಇನ್ನೂ ಕಾಡುತ್ತಿದ್ದರೆ ಉಪಶಾಮಕ ಆರೈಕೆಗೆ ಕೊಡಿ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಘಟಕ ಮತ್ತು ಇಂದಿರಾನಗರದ ರೋಟರಿ ಸೇರಿ 1994ರಲ್ಲಿ ಹುಟ್ಟುಹಾಕಿದ ಬೆಂಗಳೂರಿನ ಕರುಣಾಶ್ರಯ, ಗುಣವಾಗುವ ಹಂತ ದಾಟಿದ ರೋಗಿಗಳನ್ನು ಬಿಡಿಗಾಸೂ ಪಡೆಯದೆ ನೋಡಿಕೊಳ್ಳುತ್ತದೆ.

ಓಡಾಟವೇ ಹಣ್ಣು ಮಾಡಿತ್ತೇ? ರೇಡಿಯೇಷನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಎಷ್ಟೋ ಸಲ ಐದಾರು ವಾರ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ನಿಜ. ಆದರೆ ರಾಯಚೂರಿನಿಂದ ಬಂದವರು ಬೆಂಗಳೂರಿನಲ್ಲಿ ಹಿಡಿಯುವ ಕೋಣೆಯ ಬಾಡಿಗೆ, ಜೊತೆಗಿದ್ದವರ ಊಟ, ತಪ್ಪಿಹೋದ ಕೂಲಿ ಆ ಲೆಕ್ಕಕ್ಕೆ ಬರುವುದಿಲ್ಲ. 1973ರಿಂದ ಇರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೆ ಹೋಗಿ, ರೋಗಿಗಳ ವಸತಿ-ಊಟಕ್ಕೆ ದಾನ ಕೊಡುವ ದಾರಿ ಯಾವುದು ಎಂದು ಸಮಾಜ ಕಾರ್ಯಕರ್ತರನ್ನು ಕೇಳಿ. ಯಾವುದಕ್ಕೆ ನಿಜವಾಗಿ ಕೊರತೆ ಇದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಒಂದೇ ಸಂಸ್ಥೆ ಆರಿಸಿ. ಮೂರು ಕಡೆ ಹಂಚಿದರೆ ಲೆಕ್ಕ ಕೊಡುವಾಗ ನೀವೇ ಸೋಲುತ್ತೀರಿ. ಅವರ ಹೆಸರು, ಲಾಂಛನ ಬಳಸಲು ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.

ಖಾತೆ, ರಸೀದಿ, ತೆರಿಗೆ

ನಿಮ್ಮ ಸ್ವಂತ ಖಾತೆಗೆ, ಫೋನ್ ನಂಬರಿಗೆ ಹಣ ಹಾಕಿಸಿಕೊಳ್ಳಬೇಡಿ. ನಿಮ್ಮ ಪ್ರಾಮಾಣಿಕತೆಯ ಬಗ್ಗೆ ಯಾರಿಗೂ ಅನುಮಾನ ಇಲ್ಲದಿರಬಹುದು. ಆದರೂ ಆರು ತಿಂಗಳ ನಂತರ ಮದುವೆ ಮನೆಯೊಂದರಲ್ಲಿ ಯಾರೋ ‘ಎಷ್ಟಾಯ್ತಂತೆ?’ ಎಂದು ತೆಗೆಯುತ್ತಾರೆ. ಸಂಸ್ಥೆಯ ಕ್ಯೂಆರ್ ಕೋಡನ್ನೇ ಎಲ್ಲರಿಗೂ ಕಳಿಸಿ. ಪಾವತಿಯ ಟಿಪ್ಪಣಿಯಲ್ಲಿ ತೀರಿಕೊಂಡವರ ಹೆಸರು ಬರೆಯಲು ಹೇಳಿ. ಒಟ್ಟು ಎಷ್ಟು ಬಂತು ಎಂದು ಸಂಸ್ಥೆಯವರು ಗುರುತಿಸುವುದಕ್ಕೆ ಅಷ್ಟು ಸಾಕು.

ತೆರಿಗೆ ರಿಯಾಯಿತಿ ಬೇಕಾದವರು ‘80ಜಿ ಇದೆಯಾ?’ ಎಂದು ಕೇಳಿಯೇ ಕೇಳುತ್ತಾರೆ. ಸಂಸ್ಥೆಗೆ ಆ ಮಾನ್ಯತೆ ಇರಬೇಕು, ದಾನಿ ಪ್ಯಾನ್ ಕೊಡಬೇಕು, ಹಳೆಯ ತೆರಿಗೆ ಪದ್ಧತಿಯಲ್ಲೇ ಇರಬೇಕು. ನಗದಾಗಿ ಕೊಟ್ಟರೆ 2,000 ರೂಪಾಯಿಗಿಂತ ಹೆಚ್ಚಿನ ದಾನಕ್ಕೆ ರಿಯಾಯಿತಿ ಇಲ್ಲ. ಅಕ್ಕಿ ಮೂಟೆ, ಹೊದಿಕೆ ಕೊಟ್ಟವರಿಗೂ ಇಲ್ಲ.

ವಿದೇಶದಲ್ಲಿರುವ ಬಂಧುಗಳ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ತಮ್ಮ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಮೆರಿಕದ ಪೌರನಾಗಿ ಒಸಿಐ ಕಾರ್ಡ್ ಹಿಡಿದಿರುವ ಭಾವನ ಹಣ ಮಾತ್ರ ಕಾನೂನಿನ ಕಣ್ಣಿಗೆ ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ ಅನುಮತಿ ಬೇಕು, ಹಣವೂ ಅದಕ್ಕೆಂದೇ ಇರುವ ಬೇರೆ ಖಾತೆಗೆ ಹೋಗಬೇಕು. ಕ್ಯೂಆರ್ ಕೋಡ್ ಕಳಿಸುವ ಮುನ್ನ ಇದನ್ನು ಕೇಳಿಟ್ಟುಕೊಳ್ಳಿ.

ಮನೆಯವರ ಒಪ್ಪಿಗೆ

‘ದೊಡ್ಡ ಕಾಯಿಲೆ’ ಎಂದಷ್ಟೇ ಹೇಳಿ ಮಾತು ತಿರುಗಿಸುವ ಮನೆಗಳು ಇನ್ನೂ ಇವೆ. ಹೆಣ್ಣುಮಕ್ಕಳ ಸಂಬಂಧಕ್ಕೆ ತೊಡಕಾದೀತೆಂಬ ಅಳುಕು ಅದರ ಹಿಂದೆ ಇರುತ್ತದೆ. ಅಳುಕು ಸರಿಯೆಂದು ನಾನು ಒಪ್ಪುವುದಿಲ್ಲ, ಆದರೆ ಅವರನ್ನು ಕೇಳದೆ ಪೋಸ್ಟರ್ ಅಂಟಿಸುವುದನ್ನೂ ಒಪ್ಪುವುದಿಲ್ಲ. ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಎಲ್ಲರ ಒಪ್ಪಿಗೆ ಸಿಗಲಿ. ಯಾವ ಕ್ಯಾನ್ಸರ್ ಎಂದು ಹೇಳಬೇಕೆ ಬೇಡವೆ ಎಂಬುದೂ ಅವರಿಗೇ ಬಿಟ್ಟದ್ದು. ಫೋಟೊ ಗಟ್ಟಿಮುಟ್ಟಾಗಿದ್ದ ಕಾಲದ್ದಿರಲಿ. ಆಸ್ಪತ್ರೆಯ ಹಾಸಿಗೆಯದ್ದು ಬೇಡವೇ ಬೇಡ.

ತಿಥಿಯ ದಿನವೇ ನಡಿಗೆ ಇಟ್ಟುಕೊಳ್ಳಬೇಡಿ. ಅಂದು ಅಡುಗೆ, ಪುರೋಹಿತರು, ಎಡೆ ಎಂದು ಮನೆಯವರಿಗೆ ಬಿಡುವಿರುವುದಿಲ್ಲ. ಅವರ ಹುಟ್ಟುಹಬ್ಬಕ್ಕೆ ಹತ್ತಿರದ ಭಾನುವಾರ ಒಳ್ಳೆಯದು. ವಿಶ್ವ ಕ್ಯಾನ್ಸರ್ ದಿನವಾದ ಫೆಬ್ರುವರಿ 4ರ ಆಸುಪಾಸಿನಲ್ಲಿ ಬಯಲುಸೀಮೆಯ ಬೆಳಗೂ ತಂಪಾಗಿರುತ್ತದೆ.

ಕೇಳುವುದು ಹೇಗೆ?

ನಮ್ಮವರಿಗೆ ಕೊಡುವುದು ಸುಲಭ, ಕೇಳುವುದು ಕಷ್ಟ. ಮೂಳೆ ಕ್ಯಾನ್ಸರ್‌ಗೆ ಒಂದು ಕಾಲು ಕಳೆದುಕೊಂಡ ಕೆನಡಾದ ತರುಣ ಟೆರ‍್ರಿ ಫಾಕ್ಸ್ 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ ಓಡಿದ. ದೇಶವಾಸಿಗಳಲ್ಲಿ ಅವನು ಕೇಳಿದ್ದು ತಲೆಗೊಂದು ಡಾಲರ್. ಮರುವರ್ಷದ ಫೆಬ್ರುವರಿಗೆ ಸಂಗ್ರಹ 2.4 ಕೋಟಿ ಡಾಲರ್ ದಾಟಿತ್ತು. ಆಗ ಆ ದೇಶದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಸಣ್ಣ ಮೊತ್ತವನ್ನು ಖಚಿತವಾಗಿ ಹೇಳಿ ಕೇಳಿ. ‘ಕೈಲಾದಷ್ಟು ಕೊಡಿ’ ಎಂದರೆ ಎಷ್ಟು ಕೊಡಬೇಕೋ ತಿಳಿಯದೆ ಜನ ನಾಳೆಗೆ ಮುಂದೂಡುತ್ತಾರೆ.

ಸಂದೇಶ ಹೀಗಿರಬಹುದು: ‘ಅಮ್ಮನ ನೆನಪಿಗೆ ಮುಂದಿನ ಭಾನುವಾರ ಐದು ಕಿ.ಮೀ. ನಡೆಯುತ್ತಿದ್ದೇವೆ. ಕಿ.ಮೀ.ಗೆ 50 ರೂಪಾಯಿಯಂತೆ 250 ರೂಪಾಯಿ ಕೊಡುತ್ತೀರಾ? ಬರಲಾಗದಿದ್ದರೂ ಸರಿ.’ ಒಮ್ಮೆ ಕಳಿಸಿ, ನಡಿಗೆಗೆ ಮುಂಚೆ ಇನ್ನೊಮ್ಮೆ ನೆನಪಿಸಿ. ಮೂರನೆಯ ಸಲ ಬೇಡ.

ನಡಿಗೆಯ ಬೆಳಗು

ಇಪ್ಪತ್ತು-ಮೂವತ್ತು ಜನರಿಗೆ ಕೆರೆಯ ಏರಿ, ಉದ್ಯಾನದ ಒಳದಾರಿ ಹೇಳಿ ಮಾಡಿಸಿದ ಜಾಗ. ಮೈಸೂರಿನಲ್ಲಾದರೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಸಾಕು. ಅದು ಮೈಸೂರು ವಿಶ್ವವಿದ್ಯಾನಿಲಯದ್ದು, ಬೆಂಗಳೂರಿನ ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯದ್ದು. ಜಾಗ ಯಾರದೋ ಅವರಿಗೊಂದು ಪತ್ರ, ಠಾಣೆಗೊಂದು ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರಸ್ತೆಗಿಳಿಯುವುದಾದರೆ, ಮೈಕ್ ಹಾಕುವುದಾದರೆ ಪೊಲೀಸ್ ಅನುಮತಿಯೇ ಬೇಕು. ಮೈಕ್ ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ಇಷ್ಟೆಲ್ಲ ಸಂಘಟಿಸುವ ಚೈತನ್ಯ ಇಲ್ಲದವರು 2008ರಿಂದ ನಡೆಯುತ್ತಿರುವ ಬೆಂಗಳೂರಿನ ವರ್ಲ್ಡ್ 10ಕೆ ಓಟದಂಥ ಕಡೆ ಹೆಸರು ನೋಂದಾಯಿಸಿ, ಯಾವುದಾದರೂ ಸೇವಾ ಸಂಸ್ಥೆಯ ಪರವಾಗಿ ಹಣ ಕೂಡಿಸಬಹುದು.

ಐದು ಕಿ.ಮೀ.ಗೆ ನಿಧಾನವಾಗಿ ನಡೆದರೂ ಒಂದೂಕಾಲು ಗಂಟೆ. ರೂಢಿಯಿಲ್ಲದವರು ತಿಂಗಳ ಮುಂಚೆಯೇ ದಿನಕ್ಕೆ ಇಪ್ಪತ್ತು ನಿಮಿಷದಿಂದ ಆರಂಭಿಸಲಿ. ಅಂದು ಹೊಸ ಶೂ ಬೇಡ, ಬೊಬ್ಬೆ ಏಳುತ್ತದೆ. ಬೆವರು ಹಿಡಿದಿಡುವ ಹತ್ತಿಯ ಕಾಲುಚೀಲವೂ ಅಷ್ಟೇ. ಬೆರಳ ಸಂದಿಗೆ ವ್ಯಾಸಲೀನ್ ಸವರಿ. ಚಿಕಿತ್ಸೆಯಲ್ಲಿರುವವರು ಬರುವುದಾದರೆ ಅವರ ವೈದ್ಯರನ್ನು ಕೇಳಿಯೇ ಬರಲಿ. ಅರ್ಧ ದಾರಿಯಲ್ಲಿ ಕುರ್ಚಿ, ನೀರು, ಒಂದು ಕಾರು ಇರಲಿ. ನಡುವೆ ಯಾರಾದರೂ ಅತ್ತರೆ ಸಮಾಧಾನದ ಭಾಷಣ ಬೇಡ, ಜೊತೆಗೆ ನಿಲ್ಲಿ. ಅವರು ಹೆಜ್ಜೆ ಇಟ್ಟಾಗ ನೀವೂ ಇಡಿ.

ಟಿ-ಶರ್ಟು, ಬಾಳೆಹಣ್ಣು, ಕೊನೆಗೆ ಉಪ್ಪಿಟ್ಟು-ಕೇಸರಿಬಾತು, ಇವೆಲ್ಲ ಮನೆಯವರ ಖರ್ಚು. ದಾನದ ಹಣದಿಂದ ಒಂದು ಲೋಟ ಕಾಫಿಯೂ ಹೋಗಬಾರದು.

ಆಮೇಲೆ

ಒಂದು ವಾರದೊಳಗೆ ಒಟ್ಟು ಮೊತ್ತ ಎಷ್ಟೆಂದು ಸಂಸ್ಥೆಯಿಂದ ಪತ್ರ ಪಡೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಪ್ಯಾನ್ ನಂಬರುಗಳನ್ನು ಗುಂಪಿನಲ್ಲಿ ಕೇಳಬೇಡಿ, ಅವು ನೇರವಾಗಿ ಸಂಸ್ಥೆಗೇ ಹೋಗಲಿ. ನಡಿಗೆ ಚೆನ್ನಾಗಿ ಆದ ಉತ್ಸಾಹದಲ್ಲಿ ಯಾರಾದರೊಬ್ಬರು ‘ಅವರ ಹೆಸರಿನಲ್ಲಿ ಟ್ರಸ್ಟ್ ಮಾಡಿಬಿಡೋಣ’ ಎನ್ನುತ್ತಾರೆ. ನೋಂದಣಿ, ಆಡಿಟ್, ಪ್ರತಿವರ್ಷದ ರಿಟರ್ನ್ಸ್ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಹೆಸರು ಹೇಳಿ ಯಾರೂ ಮುಂದೆ ಬಾರದಿದ್ದರೆ, ಮುಂದಿನ ವರ್ಷದ ಭಾನುವಾರವೊಂದನ್ನು ಗೊತ್ತು ಮಾಡಿ ಎದ್ದುಬಿಡಿ.